ಆ ನೋಟಿನ ಕೊಳೆ ತೆಗೆಯಬೇಡಿ

ಹಳೆಯ ಸಹಿಗಳು ಅಸಲಿಯೇ ಎಂದು ನೋಡಿ ವರದಿ ಕೊಡುವ ನನ್ನ ಬಳಿ ಕಳೆದ ತಿಂಗಳು ಒಬ್ಬ ಹುಡುಗ ಬಂದಿದ್ದ. ಆಫೀಸಿನ ಐಡಿ ಕಾರ್ಡು ಇನ್ನೂ ಕೊರಳಲ್ಲೇ ಇತ್ತು. ಬ್ಯಾಗಿನಿಂದ ಗಟ್ಟಿ ಪ್ಲಾಸ್ಟಿಕ್ ಹಾಳೆಯೊಂದನ್ನು ತೆಗೆದು ನನ್ನ ಮೇಜಿನ ಮೇಲಿಟ್ಟ. ಒಳಗೆ ಆರನೇ ಜಾರ್ಜ್ ದೊರೆಯ ಚಿತ್ರವಿರುವ ಹತ್ತು ರೂಪಾಯಿ ನೋಟು, ಅದರ ಮೇಲೆಲ್ಲ ಸಹಿಗಳು, ಒಟ್ಟು ಹನ್ನೊಂದು. "ಹಾಳಾಗಬಾರದು ಅಂತ ನಿನ್ನೇನೇ ಲ್ಯಾಮಿನೇಟ್ ಮಾಡಿಸಿಬಿಟ್ಟೆ ಸರ್. ಅದಕ್ಕೂ ಮುಂಚೆ ಒದ್ದೆ ಬಟ್ಟೇಲಿ ಒರೆಸಿ, ಇಸ್ತ್ರಿ ಹಾಕ್ದೆ" ಎಂದ. ಮುಖದಲ್ಲಿ ಶಹಬ್ಬಾಸ್‌ಗಿರಿಯ ನಿರೀಕ್ಷೆ. ಎಂಬತ್ತು ಮಳೆಗಾಲ, ಗೆದ್ದಲು, ನಾಲ್ಕು ಸಲ ಮನೆ ಬದಲಾವಣೆ ಎಲ್ಲವನ್ನೂ ದಾಟಿ ಬಂದಿದ್ದ ನೋಟು ಜೆರಾಕ್ಸ್ ಅಂಗಡಿಯ ಯಂತ್ರದಲ್ಲಿ ಅರ್ಧ ನಿಮಿಷ ಬೆಂದು ಬಂದಿತ್ತು. ನಾನು ಏನೂ ಹೇಳದೆ ಕಾಫಿ ತರಿಸಿದೆ.

ಇಂಥ ನೋಟಿಗೆ ಶಾರ್ಟ್ ಸ್ನಾರ್ಟರ್ ಎನ್ನುತ್ತಾರೆ. 1920ರ ದಶಕದಲ್ಲಿ ಅಲಾಸ್ಕಾದ ಪೈಲಟ್‌ಗಳಿಂದ ಶುರುವಾಯಿತೆಂದು ಹೇಳುವ ರೂಢಿ ಇದು. ಜೊತೆಗೆ ಹಾರಿದವರು ಒಂದು ನೋಟಿನ ಮೇಲೆ ಸಹಿ ಹಾಕಿಕೊಡುವುದು. ಮುಂದೆ ಯಾವಾಗಲಾದರೂ ಕೇಳಿದಾಗ ಆ ನೋಟು ಜೇಬಿನಲ್ಲಿಲ್ಲದಿದ್ದರೆ ಎಲ್ಲರಿಗೂ ಕುಡಿಸುವುದು. ಎರಡನೇ ಮಹಾಯುದ್ಧದಲ್ಲಿ ಇದು ಗೀಳಾಯಿತು. ಒಂದೊಂದು ದೇಶದಲ್ಲಿಳಿದಾಗಲೂ ಅಲ್ಲಿನ ನೋಟನ್ನು ಹಿಂದಿನದಕ್ಕೆ ಟೇಪಿನಿಂದ ಅಂಟಿಸಿ ಮಾರುದ್ದದ ಸುರುಳಿ ಮಾಡಿಕೊಂಡವರಿದ್ದಾರೆ. ಅಸ್ಸಾಮಿನಿಂದ ಹಿಮಾಲಯದ ಸೆರಗು ದಾಟಿ ಚೀನಾದ ಕುನ್ಮಿಂಗ್‌ಗೆ ವಿಮಾನದಲ್ಲಿ ಸಾಮಾನು ಹೊತ್ತ 'ಹಂಪ್' ಹಾದಿಯ ಅಮೆರಿಕನ್ನರ ಬಳಿ ಇದ್ದದ್ದು ನಮ್ಮ ರೂಪಾಯಿ ನೋಟುಗಳೇ. ಬೆಂಗಳೂರಿಗೂ ಇದರಲ್ಲಿ ಪಾಲಿದೆ. 1940ರ ಡಿಸೆಂಬರಿನಲ್ಲಿ ಉದ್ಯಮಿ ವಾಲ್‌ಚಂದ್ ಹೀರಾಚಂದ್ ಮೈಸೂರು ಸರ್ಕಾರದ ಜೊತೆ ಸೇರಿ ಕಟ್ಟಿದ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಾರ್ಖಾನೆ, 1943ರಿಂದ ಅಮೆರಿಕದ ಸೇನೆಯ ಸುಪರ್ದಿಗೆ ಹೋಗಿ 84ನೇ ಏರ್ ಡಿಪೋ ಆಯಿತು. ನೀರಿನ ಮೇಲಿಳಿಯುವ ಕ್ಯಾಟಲಿನಾ ವಿಮಾನಗಳು ರಿಪೇರಿಗೆ ಬರುತ್ತಿದ್ದದ್ದು ಇಲ್ಲಿಗೇ.

ಸರಿ, ಲ್ಯಾಮಿನೇಷನ್‌ನಿಂದ ಕಾಗದ ಕೆಡುತ್ತದೆ ಎಂದರೆ ಎಲ್ಲರೂ ತಲೆಯಾಡಿಸುತ್ತಾರೆ. ಯಾರೂ ಗಮನಕ್ಕೆ ತೆಗೆದುಕೊಳ್ಳದ ವಿಷಯ ಬೇರೆ ಇದೆ, ಅದನ್ನೇ ಬಿಡಿಸಿ ಹೇಳುತ್ತೇನೆ. "ಸಹಿ ಅಸಲಿಯಾ?" ಎಂದು ನೀವು ಕೇಳುತ್ತೀರಿ. ನಾನು ಅಕ್ಷರದ ಸೊಟ್ಟ ನೋಡಿ ಹೇಳುತ್ತೇನೆ ಎಂದುಕೊಂಡಿದ್ದೀರಿ. ಹೆಸರೇ ಕೇಳಿರದ ಹನ್ನೊಂದು ಸಾರ್ಜೆಂಟುಗಳ ಕೈಬರಹದ ಮಾದರಿ ನನಗೆಲ್ಲಿಂದ ಬರಬೇಕು? ನಾನು ನೋಡುವುದು ಸಹಿಯ ಸುತ್ತಲಿನದನ್ನು. ಇಂಕು ಪೆನ್ನಿನ ಗೆರೆ ನಾರಿನೊಳಕ್ಕೆ ಇಳಿದು ಅಂಚಿನಲ್ಲಿ ಹರಡಿರುತ್ತದೆ. ಬಾಲ್ ಪೆನ್ನು ಕಾಗದವನ್ನು ತುಳಿದು ಸಣ್ಣ ಕಾಲುವೆ ಮಾಡಿರುತ್ತದೆ. ದೀಪವನ್ನು ಓರೆಯಾಗಿ ಹಿಡಿದರೆ ಕಾಣುತ್ತದೆ. ಅಮೆರಿಕದ ಅಂಗಡಿಗಳಿಗೆ ಬಾಲ್ ಪೆನ್ನು ಬಂದದ್ದು 1945ರ ಅಕ್ಟೋಬರಿನಲ್ಲಿ, ಯುದ್ಧ ಮುಗಿದ ಮೇಲೆ. ಹಾಗಾಗಿ 1943ರ ತಾರೀಕಿನ ಅಮೆರಿಕನ್ ಸಹಿ ಬಾಲ್ ಪೆನ್ನಿನದಾಗಿದ್ದರೆ ನನ್ನ ಹುಬ್ಬು ಮೇಲೇರುತ್ತದೆ. ಸುಳ್ಳೇ ಎಂದು ಬರೆದುಕೊಡುವುದಿಲ್ಲ. ಎತ್ತರದಲ್ಲಿ ಇಂಕು ಪೆನ್ನು ಸೋರುತ್ತದೆಂದು ಬ್ರಿಟಿಷ್ ವಾಯುಪಡೆ ತನ್ನವರಿಗೆ ಮೊದಲೇ ಬಾಲ್ ಪೆನ್ನು ಕೊಡಿಸಿತ್ತು, ಒಂದು ಕೈ ಬದಲಾಗಿರಲೂಬಹುದು. ಆದರೆ ಹನ್ನೊಂದಕ್ಕೆ ಹನ್ನೊಂದೂ ಹಾಗಿದ್ದರೆ ದಯವಿಟ್ಟು ಮಾರಿದವನ ಹತ್ತಿರ ವಾಪಸ್ ಹೋಗಿ.

ನೋಟೇ ಹೇಳುವ ಸಾಕ್ಷಿಯೂ ಇದೆ. ಸಿ.ಡಿ. ದೇಶಮುಖ್ ರಿಸರ್ವ್ ಬ್ಯಾಂಕಿನ ಗವರ್ನರ್ ಆದದ್ದು 1943ರ ಆಗಸ್ಟಿನಲ್ಲಿ. ಅವರ ಸಹಿ ಅಚ್ಚಾಗಿರುವ ನೋಟಿನ ಮೇಲೆ ಅಸ್ಸಾಮಿನ ವಿಮಾನನೆಲೆಯ ಹೆಸರು ಹಾಕಿ "ದಿಂಜಾನ್, 1942" ಎಂದು ಬರೆದಿದ್ದರೆ ಭೂತಗನ್ನಡಿಯ ಅಗತ್ಯವೇ ಇಲ್ಲ. ಇನ್ನು ಮಡಿಕೆ. ಸಹಿ ಹಾಕಿದ ಮೇಲೆ ಮಡಿಸಿದ್ದರೆ ಮಡಿಕೆಯಲ್ಲಿ ಇಂಕು ಸವೆದಿರುತ್ತದೆ. ಹಳೆಯ ಮಡಿಕೆಯ ಮೇಲೆ ಮೊನ್ನೆ ಮೊನ್ನೆ ಸಹಿ ಹಾಕಿದ್ದರೆ, ಅಲ್ಲಿ ನಾರು ಒಡೆದಿರುವುದರಿಂದ ಇಂಕು ಕುಡಿದು ಉಬ್ಬಿರುತ್ತದೆ. ಇಸ್ತ್ರಿ ಹಾಕಿದ ಹುಡುಗ ಅಳಿಸಿದ್ದು ಇದನ್ನೇ. ಟೇಪಿನ ಕಂದು ಕಲೆ, ಗುಂಡುಪಿನ್ನಿನ ತುಕ್ಕು, ಬೆರಳಿನ ಜಿಡ್ಡು, ಇವನ್ನೆಲ್ಲ ನೀವು ಕೊಳೆ ಎನ್ನುತ್ತೀರಿ. ಪ್ಲಾಸ್ಟಿಕ್ಕಿನ ಕೆಳಗೆ ನನಗೆ ಗೆರೆಯ ಆಳ ತಿಳಿಯುವುದಿಲ್ಲ. ನೇರಳಾತೀತ ದೀಪ ಹಿಡಿದರೆ ಹೆಚ್ಚಿನ ಸಲ ಪ್ಲಾಸ್ಟಿಕ್ಕಿನ ಅಂಟೇ ಮಿನುಗುತ್ತದೆ. ಬಿಡಿಸಬಹುದಲ್ಲ ಎನ್ನುತ್ತೀರಿ. ದ್ರಾವಕ ಹಾಕಿ ಬಿಡಿಸುವವರಿದ್ದಾರೆ, ಕೆಲವೊಮ್ಮೆ ಬರುತ್ತದೆ, ಕೆಲವೊಮ್ಮೆ ಅಂಟಿನ ಜೊತೆ ಸಹಿಯೂ ಹೊರಡುತ್ತದೆ. ನಾನಂತೂ ಕೈ ಹಾಕುವುದಿಲ್ಲ.

ಅಂದಹಾಗೆ, ಯುದ್ಧಕಾಲದ ಸಹಿ ಬೇರೆ, ಯುದ್ಧ ಮಾಡಿದವರ ಸಹಿ ಬೇರೆ. ಬ್ರಿಟಿಷ್ ಯುದ್ಧ ಪೈಲಟ್ ಡಗ್ಲಸ್ ಬೇಡರ್‌ನಂಥವರು 1970ರ ದಶಕದಲ್ಲಿ ಸಹಿ ಹಾಕಿದ ಅಂಚೆ ಲಕೋಟೆಗಳು ಅಸಲಿಯೇ, ಆದರೆ ಅವು 1940ರ ಆಕಾಶ ಕಂಡವಲ್ಲ. 1943ರ ಮೇ 16ರ ರಾತ್ರಿ 19 ಲ್ಯಾಂಕಾಸ್ಟರ್ ಬಾಂಬರ್ ವಿಮಾನಗಳಲ್ಲಿ ಬ್ರಿಟಿಷ್ ವಾಯುಪಡೆಯ 133 ಜನ ಜರ್ಮನಿಯ ಅಣೆಕಟ್ಟುಗಳ ಮೇಲೆ ಹೋದರು, 53 ಜನ ಸತ್ತರು. ಅವರಲ್ಲಿ ಕೊನೆಗೆ ಉಳಿದಿದ್ದ ಜಾನಿ ಜಾನ್ಸನ್ 2022ರವರೆಗೂ ಬದುಕಿದ್ದರು, ಅವರು ಸಹಿ ಹಾಕಿದ ಚಿತ್ರಗಳು ಸಿಗುತ್ತವೆ. ಮುಂದಾಳು ಗೈ ಗಿಬ್ಸನ್ 1944ರ ಸೆಪ್ಟೆಂಬರಿನಲ್ಲೇ ತೀರಿಕೊಂಡ. ಎಪ್ಪತ್ತರ ದಶಕದ ಮುದ್ರಣದ ಮೇಲೆ ಅವನ ಸಹಿ ಇದೆ ಎಂದು ನಂಬಿ ದುಡ್ಡು ಕೊಟ್ಟವರಿಗೆ ನಾನೇನು ಹೇಳಲಿ? ನಮ್ಮ ಕೊಡಗಿನ ಅಜ್ಜಮಾಡ ದೇವಯ್ಯನವರ ವಿಷಯವೂ ಅಷ್ಟೆ. 1965ರ ಸೆಪ್ಟೆಂಬರ್ 7ರಂದು ಮಿಸ್ಟೇರ್ ಯುದ್ಧವಿಮಾನದಲ್ಲಿದ್ದುಕೊಂಡು ಪಾಕಿಸ್ತಾನದ ಸ್ಟಾರ್‌ಫೈಟರ್ ವಿಮಾನವೊಂದನ್ನು ಉರುಳಿಸಿ ಅಲ್ಲೇ ಮಡಿದರು. ಮಹಾವೀರ ಚಕ್ರ ಬಂದದ್ದು 1988ರಲ್ಲಿ. ಆ ಕಾಳಗದ ಚಿತ್ರದ ಮೇಲೆ ಅವರದೇ ಸಹಿ ಇದೆ ಎಂದು ಯಾರಾದರೂ ಮಾರಲು ಬಂದರೆ, ಕ್ಯಾಲೆಂಡರ್ ತೋರಿಸಿ ಕಳಿಸಿ.

ಆ ಹುಡುಗನ ನಂತರದ ವಾರವೇ ಮಲ್ಲೇಶ್ವರದಿಂದ ಒಬ್ಬ ಅಜ್ಜಿ ಮೊಮ್ಮಗನನ್ನು ಕರೆದುಕೊಂಡು ಬಂದರು. ಅಥವಾ ಮೊಮ್ಮಗನೇ ಅವರನ್ನು ಎಳೆದುಕೊಂಡು ಬಂದಿದ್ದ. ಹಳೆಯ ಪಂಚಾಂಗದ ನಡುವೆ ನಾಲ್ಕಾಗಿ ಮಡಿಸಿಟ್ಟ ಒಂದು ರೂಪಾಯಿ ನೋಟು. ಯುದ್ಧಕಾಲದಲ್ಲಿ ಅಜ್ಜಿಯ ತಂದೆ ಆ ವಿಮಾನ ಕಾರ್ಖಾನೆಯಲ್ಲಿ ಫಿಟ್ಟರ್. ರಿಪೇರಿಯಾದ ವಿಮಾನವನ್ನು ಹಾರಿಸಿ ನೋಡುವಾಗ ಒಮ್ಮೆ ಅವರನ್ನೂ ಕೂರಿಸಿಕೊಂಡಿದ್ದರಂತೆ. ಸಮುದ್ರ ದಾಟಿ ಹಾರಿದವರಷ್ಟೇ ಶಾರ್ಟ್ ಸ್ನಾರ್ಟರ್ ಎಂಬ ನಿಯಮಕ್ಕೆ ಇದು ಸಾಲದು, ಆದರೆ ಯುದ್ಧದ ಗಡಿಬಿಡಿಯಲ್ಲಿ ನಿಯಮವನ್ನು ಯಾರು ಕೇಳಿದರು? ಆರು ಸಹಿ ಇಂಗ್ಲಿಷಿನಲ್ಲಿ, ಏಳನೆಯದು ದುಂಡು ಕನ್ನಡದಲ್ಲಿ. ಎಲ್ಲ ಇಂಕು ಪೆನ್ನಿನವು, ಮಡಿಕೆಯಲ್ಲಿ ಸವೆದಂಥವು. ಎಡಗಡೆ ಮೂಲೆಯಲ್ಲಿ ಕಪ್ಪಗೆ ಒಂದು ಹೆಬ್ಬೆಟ್ಟಿನ ಗುರುತು.

"ಅದೊಂದು ಕಲೆ ತೆಗೆದುಕೊಟ್ಟರೆ ಫ್ರೇಮ್ ಹಾಕಿಸ್ತೀನಿ ಸರ್" ಎಂದ ಮೊಮ್ಮಗ.

"ಅದು ಅಣ್ಣಂದು ಕಣೋ" ಎಂದರು ಅಜ್ಜಿ. ಅವರ ಮನೆಯಲ್ಲಿ ತಂದೆಯನ್ನು ಅಣ್ಣ ಎನ್ನುತ್ತಿದ್ದರು. "ಸೀಗೆಪುಡಿ ಹಾಕಿ ಉಜ್ಜಿದರೂ ಅವರ ಕೈಯಿಂದ ಗ್ರೀಸು ಹೋಗ್ತಿರಲಿಲ್ಲ."

ನನ್ನ ವರದಿಯಲ್ಲಿ "ಎಡ ಮೂಲೆಯಲ್ಲಿ ಹಳೆಯ ಎಣ್ಣೆ ಜಿಡ್ಡಿನ ಗುರುತು" ಎಂದಷ್ಟೇ ಬರೆಯಲು ಸಾಧ್ಯ, ಅಷ್ಟೇ ಬರೆದೆ. ಅಂಟಿಲ್ಲದ, ಒಂದು ಬದಿ ತೆರೆದಿರುವ ಪಾಲಿಯೆಸ್ಟರ್ ಚೀಲವೊಂದನ್ನು ಕೊಟ್ಟು, ನೋಟನ್ನು ಬಿಡಿಸಿ ಅದರಲ್ಲಿಡಿ, ಬಿಸಿಲಿಗೆ ಎದುರಾಗಿ ಗೋಡೆಗೆ ಹಾಕಬೇಡಿ ಎಂದೆ. ಅಜ್ಜಿ ಎಲ್ಲಕ್ಕೂ ಹೂಂ ಎಂದರು. ಆಮೇಲೆ ನೋಟನ್ನು ಹಳೆಯ ಮಡಿಕೆಯಲ್ಲೇ ನಾಲ್ಕಾಗಿ ಮಡಿಸಿ, ಚೀಲದೊಳಗೆ ಹಾಕಿ, ಚೀಲವನ್ನು ಪಂಚಾಂಗದಲ್ಲಿಟ್ಟು ಎದ್ದರು.