ಕಾರ್ವಿಂಗ್ ಅಂದರೆ ಹಿಮ ಕೊರೆಯೋದು

ಒಂದು ಭಾನುವಾರ ಅಕ್ಕನ ಮಗ ಮೊಬೈಲು ಹಿಡಿದುಕೊಂಡು ಬಂದ. "ಮಾಮ, ಇಲ್ನೋಡು, ಇವನು ಬಿದ್ದೇ ಬಿದ್ದ ಅನ್ಕೊಂಡೆ, ಬೀಳ್ಲೇ ಇಲ್ಲ!" ವಿಡಿಯೋದಲ್ಲಿ ಒಬ್ಬ ಸ್ನೋಬೋರ್ಡ್ ಮೇಲೆ ನಿಂತು ಹಿಮದ ಇಳಿಜಾರಿನಲ್ಲಿ ಬರುತ್ತಿದ್ದ. ತಿರುವು ಬಂದಾಗ ಅವನು ಎಷ್ಟು ವಾಲುತ್ತಿದ್ದ ಅಂದರೆ ಮೊಣಕೈ ಹಿಮಕ್ಕೆ ತಾಗುತ್ತಿತ್ತು, ಕಾಲ ಕೆಳಗಿನ ಹಲಗೆ ಮಲಗಿರುವ ಬದಲು ಬರೀ ಅಂಚಿನ ಮೇಲೆ ಎದ್ದು ನಿಂತಿತ್ತು. ಕೆಳಗೆ 'ಕಾರ್ವಿಂಗ್' ಅಂತ ಬರೆದಿತ್ತು. ಹುಡುಗ ಆಗಲೇ ಡಿಕ್ಷನರಿ ನೋಡಿದ್ದ. "ಕೆತ್ತನೆ ಅಂತೈತೆ. ಕೆತ್ತನೆ ಅಂದ್ರೆ ಬೇಲೂರಲ್ಲಿ ಇರೋದು ತಾನೆ?"

ಡಿಕ್ಷನರಿದೇನೂ ತಪ್ಪಿಲ್ಲ. ಆದರೆ ಕೆತ್ತುವುದು ಅಂದರೆ ಉಳಿ ಇಟ್ಟು, ಸುತ್ತಿಗೆ ಹೊಡೆದು, ಚೂರು ಚೂರೇ ತೆಗೆಯೋದು. ಇಲ್ಲಿ ಹಾಗಲ್ಲ. ಹಲಗೆಯ ಉಕ್ಕಿನ ಅಂಚು ಹಿಮದೊಳಗೆ ಇಳಿದು, ಎಲ್ಲೂ ತುಂಡಾಗದ ಒಂದೇ ಗೆರೆ ಹಾಕಿಕೊಂಡು ಹೋಗುತ್ತದೆ. ಇದಕ್ಕೆ ನಮ್ಮಲ್ಲಿ ಸರಿಯಾದ ಮಾತು 'ಕೊರೆ'. ಚಳಿಗೂ ನಾವು ಕೊರೆಯುವ ಚಳಿ ಅಂತಲೇ ಹೇಳ್ತೀವಲ್ಲ, ಅಲ್ಲಿಗೆ ಎರಡೂ ಕೂಡಿಬಂತು. ಇನ್ನೂ ಒಂದು ಅನುಕೂಲ ಇದೆ. ಕಾರ್ವಿಂಗ್ ಮಾಡಲು ಬರದವರು ಹಿಮದ ಮೇಲೆ ಏನು ಮಾಡ್ತಾರೋ ಅದಕ್ಕೂ ಒಂದೇ ಸ್ವರ ಬದಲಾಯಿಸಿದರೆ ಪದ ಸಿಗುತ್ತದೆ: ಕೆರೆ. ನೀರಿನ ಕೆರೆ ಅಲ್ಲ, ಉಗುರಿನಲ್ಲಿ ಕೆರೆಯೋದು. ಇಂಗ್ಲಿಷಿನವರು ಸ್ಕಿಡ್ ಅನ್ನೋದು ಇದನ್ನೇ.

ವ್ಯತ್ಯಾಸ ಅಡುಗೆಮನೆಯಲ್ಲೇ ನೋಡಬಹುದು. ನಮ್ಮದು ತಿಪಟೂರಿನ ಕಡೆ, ಕೊಬ್ಬರಿ ಮಿಠಾಯಿಗೆ ಬರ ಇಲ್ಲ. ತಟ್ಟೆಗೆ ಸುರಿದ ಮಿಠಾಯಿ ಪೂರ್ತಿ ಆರುವ ಮುಂಚೆ ಚಾಕುವಿನಲ್ಲಿ ಗೆರೆ ಎಳೀತಾರಲ್ವಾ? ಚಾಕು ತನ್ನ ಉದ್ದಕ್ಕೆ ತಾನೇ ಹೋದರೆ ಕೂದಲೆಳೆಯಂಥ ಗೆರೆ. ಅದೇ ಚಾಕುವನ್ನು ಅಡ್ಡಡ್ಡ ತಳ್ಳಿ ನೋಡಿ, ಮಿಠಾಯಿ ಉದುರಿ ಮುಂದೆ ಗುಡ್ಡೆ ಆಗುತ್ತದೆ, ಕೈಯೂ ನಿಧಾನ ಆಗುತ್ತದೆ. ಸ್ನೋಬೋರ್ಡ್ ಕೂಡ ಅಷ್ಟೇ. ಮೂತಿ ಹೋದ ದಾರಿಯಲ್ಲೇ ಬಾಲವೂ ಹೋದರೆ ಕೊರೆತ. ಬಾಲ ದಾರಿ ಬಿಟ್ಟು ಹೊರಕ್ಕೆ ಜಾರಿದರೆ ಕೆರೆತ. ಹಿಂತಿರುಗಿ ನೋಡಿದರೆ ಸಾಕು, ಹಿಮದ ಮೇಲೆ ಪೆನ್ಸಿಲ್ಲಿನಲ್ಲಿ ಎಳೆದ ಹಾಗೆ ಗೆರೆ ಇದೆಯಾ, ಪೊರಕೆಯಲ್ಲಿ ಗುಡಿಸಿದ ಹಾಗೆ ಅಗಲವಾಗಿ ಉಜ್ಜಿದೆಯಾ ಅಂತ ಗೊತ್ತಾಗುತ್ತದೆ.

ಕೆರೆತವನ್ನು ನಾನು ಕೀಳು ಮಾಡ್ತಿಲ್ಲ. ಚಿಕ್ಕವರಿದ್ದಾಗ ತೆಂಗಿನ ಮಟ್ಟೆ ಮೇಲೆ ಕೂತು ಕೆರೆ ಏರಿಯಿಂದ ಜಾರುತ್ತಿದ್ದವರಿಗೆ ಬ್ರೇಕ್ ಅಂದರೆ ಹಿಮ್ಮಡಿ ಕೆರೆಯೋದೇ. ಬೋರ್ಡಿನಲ್ಲೂ ಮೊದಲು ಕಲಿಸೋದು ಅದನ್ನೇ, ಯಾಕಂದರೆ ನಿಲ್ಲಿಸೋದು ಗೊತ್ತಿರಬೇಕು.

ಈಗ ಹುಡುಗನ ಇನ್ನೊಂದು ಪ್ರಶ್ನೆ. "ಹ್ಯಾಂಡಲ್ ಇಲ್ಲ, ಚಕ್ರ ಇಲ್ಲ, ಮತ್ತೆ ಹೆಂಗೆ ತಿರುಗುತ್ತೆ?" ಮಾತಲ್ಲಿ ಹೇಳಿದರೆ ತಲೆಗೆ ಹೋಗಲ್ಲ ಅಂತ ಮನೆಯಲ್ಲಿ ಬಿದ್ದಿದ್ದ ಹಳೇ ಲಗ್ನಪತ್ರಿಕೆ ತರಿಸಿದೆ. ದಪ್ಪ ಕಾಗದದ್ದು, ಬಂಗಾರದ ಅಂಚಿನದ್ದು. ಅದರಲ್ಲಿ ಒಂದು ಗೇಣು ಉದ್ದದ ಪಟ್ಟಿ ಕತ್ತರಿಸಿ, ನಡುವೆ ಎರಡೂ ಕಡೆ ಸ್ವಲ್ಪ ಒಳಕ್ಕೆ ತೆಗೆದೆ. ಬುಡುಬುಡಿಕೆ ಇರುತ್ತಲ್ಲ, ತುದಿ ಅಗಲ, ಸೊಂಟ ಸಣ್ಣ, ಆ ಆಕಾರ. ನಿಜವಾದ ಸ್ನೋಬೋರ್ಡ್ ಇರುವುದೂ ಹೀಗೇ. ಈ ಒಳಸರಿದ ಅಂಚಿಗೆ ಸೈಡ್‌ಕಟ್ ಅನ್ನುತ್ತಾರೆ. ಪಟ್ಟಿಯನ್ನು ಟೇಬಲ್ ಮೇಲೆ ಅಂಚಿನಲ್ಲಿ ಓರೆಯಾಗಿ ನಿಲ್ಲಿಸಿದರೆ ಎರಡು ತುದಿ ಮಾತ್ರ ತಾಗುತ್ತದೆ, ಸೊಂಟದ ಹತ್ತಿರ ಸಂದು ಉಳಿಯುತ್ತದೆ. ಈಗ ಬೆರಳಿನಿಂದ ಸೊಂಟವನ್ನು ಒತ್ತಿ. ಪಟ್ಟಿ ಬಾಗಿ ಇಡೀ ಅಂಚು ಟೇಬಲ್ಲಿಗೆ ಕೂರುತ್ತದೆ, ಕೂತ ಅಂಚು ನೇರ ಗೆರೆಯಾಗಿ ಇರುವುದಿಲ್ಲ, ಬಿಲ್ಲಿನ ಹಾಗೆ ಬಳುಕಿರುತ್ತದೆ. ಆ ಬಳುಕೇ ಹ್ಯಾಂಡಲ್ಲು! ಬೆರಳಿನ ಜಾಗದಲ್ಲಿ ಮನುಷ್ಯನ ಭಾರ ಇದೆ ಅಂತ ತಿಳಿದುಕೊಳ್ಳಿ. ಪಟ್ಟಿಯನ್ನು ಇನ್ನಷ್ಟು ಓರೆ ಮಾಡಿ ಒತ್ತಿದರೆ ಬಳುಕು ಜಾಸ್ತಿ, ತಿರುವು ಚಿಕ್ಕದು. ಬೋರ್ಡನ್ನು ಯಾರೂ ತಿರುಗಿಸುವುದಿಲ್ಲ, ವಾಲಿಸುತ್ತಾರೆ ಅಷ್ಟೆ. ತಿರುಗೋದು ಅದರ ಪಾಡಿಗೆ ಅದು.

ಸೈಡ್‌ಕಟ್ಟನ್ನು ಮೀಟರಿನಲ್ಲಿ ಹೇಳುತ್ತಾರೆ. 14 ಮೀಟರ್ ಅಂದರೆ, ಆ ಅಂಚಿನ ಬಳುಕನ್ನು ಹಾಗೇ ಮುಂದುವರಿಸಿ ಸುತ್ತು ಪೂರ್ತಿ ಮಾಡಿದರೆ 14 ಮೀಟರ್ ತ್ರಿಜ್ಯದ ವೃತ್ತ ಬರುತ್ತದೆ ಅಂತ. ಸ್ವಲ್ಪ ಲೆಕ್ಕ ಮಾಡೋಣ, ಇಳಿಜಾರಿನ ವಿಚಾರ ಪಕ್ಕಕ್ಕಿಟ್ಟು. 14 ಮೀಟರಿನ ಬೋರ್ಡಿನಲ್ಲಿ ಗಂಟೆಗೆ 36 ಕಿಲೋಮೀಟರ್ ವೇಗದಲ್ಲಿ ಬರುತ್ತಿದ್ದೀರಿ. ದೇವರಾಯನದುರ್ಗದ ರಸ್ತೆ ತಿರುವಿನಲ್ಲಿ ಬೈಕ್ ಒಳಕ್ಕೆ ವಾಲಿಸ್ತೀವಲ್ಲ, ಅದೇ ಲೆಕ್ಕ ಇಲ್ಲಿಯೂ. ನೀವು 45 ಡಿಗ್ರಿಗಿಂತ ಒಂಚೂರು ಜಾಸ್ತಿಯೇ ವಾಲಬೇಕು, ಆಗ ಬೋರ್ಡು ಸುಮಾರು 10 ಮೀಟರ್ ತ್ರಿಜ್ಯದಲ್ಲಿ ತಿರುಗುತ್ತದೆ. ಆ ಹೊತ್ತಿನಲ್ಲಿ 60 ಕೆಜಿ ಇರುವವರ ಕಾಲಿಗೆ 87 ಕೆಜಿಯಷ್ಟು ಭಾರ ಬೀಳುತ್ತದೆ. ವಿಡಿಯೋದವನು ಬೀಳದೇ ಇದ್ದದ್ದಕ್ಕೆ ಇದೇ ಕಾರಣ, ಬೀಳುವಷ್ಟು ವಾಲಿದ್ದ, ಹೊರಕ್ಕೆ ಎಸೆಯುವ ಬಲ ಅಷ್ಟೇ ಗಟ್ಟಿಯಾಗಿ ಎತ್ತಿ ಹಿಡಿದಿತ್ತು.

ಇದೇ ಲೆಕ್ಕವನ್ನು ತುದಿಗೆ ಒಯ್ದರೆ ಒಂದು ಮಜಾ ವಿಷಯ ಸಿಗುತ್ತದೆ. 8 ಮೀಟರ್ ಸೈಡ್‌ಕಟ್ಟಿನ ಸಾಮಾನ್ಯ ಬೋರ್ಡನ್ನು ಎಷ್ಟೇ ವಾಲಿಸಿದರೂ ಗಂಟೆಗೆ 32 ಕಿಲೋಮೀಟರ್ ದಾಟಿದ ಮೇಲೆ ಲೆಕ್ಕ ಕೂಡುವುದಿಲ್ಲ, ಅದು ಜಾರಲೇಬೇಕು. 20 ಮೀಟರಿನದ್ದಾದರೆ ಆ ಮಿತಿ 50ರ ಹತ್ತಿರ. ಇದು ಕಾಗದದ ಮೇಲಿನ ಲೆಕ್ಕ, ಬೋರ್ಡು ಬಾಗುವ ರೀತಿ, ಹಿಮ, ಇಳಿಜಾರು ಎಲ್ಲ ಸೇರಿದರೆ ಹೆಚ್ಚುಕಮ್ಮಿ ಆಗುತ್ತದೆ. ಆದರೂ ರೇಸಿನವರು ದೊಡ್ಡ ತ್ರಿಜ್ಯದ ಉದ್ದನೆ ಬೋರ್ಡು ಯಾಕೆ ಹಿಡಿಯುತ್ತಾರೆ ಅನ್ನೋದಕ್ಕೆ ಉತ್ತರ ಇದರಲ್ಲೇ ಇದೆ. ಕೊರೆತದಲ್ಲಿ ಬ್ರೇಕೂ ಇಲ್ಲ. ಕೆರೆದರೆ ವೇಗ ಕಳೆಯುತ್ತದೆ, ಕೊರೆದರೆ ಅಷ್ಟಾಗಿ ಕಳೆಯುವುದಿಲ್ಲ. ಹಾಗಾಗಿ ತಿರುವನ್ನು ಅರ್ಧಕ್ಕೆ ಬಿಡದೆ, ಕೊನೆಯಲ್ಲಿ ಸ್ವಲ್ಪ ಏರಿನ ಕಡೆಗೇ ಬೋರ್ಡನ್ನು ಹರಿಯಲು ಬಿಟ್ಟು ವೇಗ ಇಳಿಸುತ್ತಾರೆ.

ಈ ಕೊರೆತಕ್ಕೆಂದೇ ಮಾಡಿದ ಹಲಗೆಗೆ ಆಲ್ಪೈನ್ ಬೋರ್ಡ್ ಅನ್ನುತ್ತಾರೆ. ಹಿಮದ ದಿಬ್ಬ ಕಟ್ಟಿದ ಪಾರ್ಕಿನಲ್ಲಿ ಹಾರಿ ಕುಣಿಯುವ ಬೋರ್ಡಿನ ಸೊಂಟ 25 ಸೆಂಟಿಮೀಟರ್ ಆಸುಪಾಸು ಇದ್ದರೆ ಇದರದ್ದು 18ರಿಂದ 21. ಸಣ್ಣ ಸೊಂಟ ಆದರೆ ಒಂದು ಅಂಚಿನಿಂದ ಇನ್ನೊಂದು ಅಂಚಿಗೆ ಬೇಗ ಹೊರಳಬಹುದು. ಆದರೆ ಪಾದ ಎಲ್ಲಿಡುವುದು? ಬೂಟು ಸೇರಿದರೆ ಪಾದವೇ 30 ಸೆಂಟಿಮೀಟರ್ ಹತ್ತಿರ ಆಗುತ್ತದೆ. ಅಡ್ಡಡ್ಡ ನಿಂತರೆ ಬೆರಳು ಒಂದು ಕಡೆ, ಹಿಮ್ಮಡಿ ಇನ್ನೊಂದು ಕಡೆ ಹೊರಗೆ ಚಾಚಿಕೊಳ್ಳುತ್ತದೆ. ಬೋರ್ಡು ವಾಲಿಸಿದ ತಕ್ಷಣ ಬೂಟು ಹಿಮಕ್ಕೆ ತಗುಲಿ ಅಂಚನ್ನು ಮೇಲಕ್ಕೆ ಎತ್ತಿಬಿಡುತ್ತದೆ, ಆಮೇಲೆ ಮನುಷ್ಯ ಒಂದು ಕಡೆ, ಬೋರ್ಡು ಒಂದು ಕಡೆ. ಅದಕ್ಕೇ ಎರಡೂ ಪಾದಗಳನ್ನು 55, 60 ಡಿಗ್ರಿಯಷ್ಟು ಮೂತಿಯ ಕಡೆಗೆ ತಿರುಗಿಸಿ ಕಟ್ಟುತ್ತಾರೆ. ಬೂಟು ಕೂಡ ಸ್ಕೀ (ಕಾಲಿಗೊಂದು ಹಲಗೆ ಕಟ್ಟಿ ಹಿಮದಲ್ಲಿ ಜಾರುವ ಆಟ) ಬೂಟಿನ ಥರ ಗಟ್ಟಿ ಪ್ಲಾಸ್ಟಿಕ್ಕಿನದ್ದು, ಕಾಲು ಅಲ್ಲಾಡಿದ್ದು ಒಂದಿಷ್ಟೂ ಪೋಲಾಗದೆ ಅಂಚಿಗೆ ಮುಟ್ಟಬೇಕಲ್ಲ.

ಇನ್ನೊಂದು ಮಾತು, ಕ್ಯಾಂಬರ್. ಸಿರಾ ರಸ್ತೆಯ ಲಾರಿ ಗ್ಯಾರೇಜುಗಳಲ್ಲಿ ಬಿಚ್ಚಿಟ್ಟ ಕಮಾನು ಪಟ್ಟಿ ನೋಡಿರುತ್ತೀರಿ. ಸುಮ್ನೆ ನೆಲದ ಮೇಲೆ ಇಟ್ಟರೆ ನಡುವೆ ಎದ್ದಿರುತ್ತದೆ ಅಥವಾ ತಗ್ಗಿರುತ್ತದೆ, ಭಾರ ಬಿದ್ದಾಗ ನೇರ ಆಗುತ್ತದೆ. ಬೋರ್ಡಿನ ನಡುಭಾಗವೂ ಕೆಲವೇ ಮಿಲಿಮೀಟರ್ ಮೇಲೆದ್ದಿರುತ್ತದೆ. ಮೇಲೆ ನಿಂತಾಗ ಆ ಕಮಾನು ತಗ್ಗಿ, ಭಾರ ಕಾಲ ಕೆಳಗೇ ಉಳಿಯದೆ ಮೂತಿ, ಬಾಲದ ತನಕ ಹರಡುತ್ತದೆ. ಇಡೀ ಅಂಚು ಕಚ್ಚಿ ಹಿಡಿಯುವುದು ಇದರಿಂದ. ಒಳಗೆ ಇರುವುದು ಮರ, ಅದರ ಮೇಲೆ ಗಾಜಿನ ನಾರು, ರೇಸಿನ ಬೋರ್ಡುಗಳಲ್ಲಿ ಅಲ್ಯುಮಿನಿಯಂ ಮಿಶ್ರಲೋಹದ ತೆಳು ಹಾಳೆ.

ಆಟವಾಗಿ ಇದರ ವಯಸ್ಸು ಜಾಸ್ತಿ ಏನಲ್ಲ. ಸ್ನೋಬೋರ್ಡಿಂಗ್ ಒಲಿಂಪಿಕ್ಸಿಗೆ ಬಂದದ್ದು 1998ರಲ್ಲಿ, ಜಪಾನಿನ ನಗಾನೊದಲ್ಲಿ. ಇಬ್ಬರು ಅಕ್ಕಪಕ್ಕ ಇಳಿಯುವ ಪ್ಯಾರಲಲ್ ಜೈಂಟ್ ಸ್ಲಾಲಮ್ 2002ರಿಂದ. ಕೊರೆತ ಅನ್ನೋದು ಬೋರ್ಡಿನ ಆಸ್ತಿ ಮಾತ್ರ ಅಲ್ಲ ಅಂತ ಅತಿ ಚೆನ್ನಾಗಿ ತೋರಿಸಿದವಳು ಚೆಕ್ ದೇಶದ ಎಸ್ತರ್ ಲೆಡೆಟ್ಸ್ಕಾ. 2018ರ ಪ್ಯೊಂಗ್‌ಚಾಂಗ್‌ನಲ್ಲಿ ಸ್ಕೀಯಿಂಗಿನ ಸೂಪರ್ ಜಿ ಓಟವನ್ನು 0.01 ಸೆಕೆಂಡಿನಿಂದ ಗೆದ್ದಳು, ವಾರ ಕಳೆದು ಸ್ನೋಬೋರ್ಡಿನ ಪ್ಯಾರಲಲ್ ಜೈಂಟ್ ಸ್ಲಾಲಮ್ಮಿನಲ್ಲೂ ಚಿನ್ನ. ಸಲಕರಣೆ ಬೇರೆ, ನಿಲ್ಲುವ ರೀತಿ ಬೇರೆ, ಆದರೆ ಅಂಚನ್ನು ನಂಬುವ ಕಾಲು ಒಂದೇ.

ಇಷ್ಟೆಲ್ಲ ಇದ್ದರೂ ಹಿಮ ಸರಿಯಿಲ್ಲದಿದ್ದರೆ ಏನೂ ನಡೆಯಲ್ಲ. ಇಲ್ಲಿಯೂ ನಮ್ಮದೇ ಪದ ಕೆಲಸಕ್ಕೆ ಬರುತ್ತದೆ: ಹದ. ರಾಗಿ ಬಿತ್ತುವ ಮುಂಚೆ ಒಂದು ಹಿಡಿ ಮಣ್ಣು ತೆಗೆದು ಮುಷ್ಟಿಯಲ್ಲಿ ಒತ್ತಿ ನೋಡುವ ನಮ್ಮ ಕಡೆಯ ರೈತರಿಗೆ ಹಿಮದ ಹದ ವಿವರಿಸಲು ಐದು ನಿಮಿಷ ಸಾಕು. ಹೊಸದಾಗಿ ಬಿದ್ದ ಹಿಮ ಈಗಷ್ಟೇ ಮಿಲ್ಲಿನಿಂದ ಬಂದ ರಾಗಿ ಹಿಟ್ಟಿನ ಹಾಗೆ, ಅಂಚಿಗೆ ಕಚ್ಚಲು ಏನೂ ಸಿಗಲ್ಲ, ಬೋರ್ಡು ತೇಲುತ್ತದೆ. ಅದರ ಸುಖವೇ ಬೇರೆ, ಆದರೆ ಅದು ಕೊರೆತ ಅಲ್ಲ. ನೀಲಿ ಮಂಜುಗಡ್ಡೆ ಆಗಿಬಿಟ್ಟರೆ ಮಧುಗಿರಿ ಬಂಡೆ, ಚಾಕುವಿನಷ್ಟು ಚೂಪು ಇಲ್ಲದ ಅಂಚಿಗೆ ಅಲ್ಲಿ ಕೆಲಸವಿಲ್ಲ. ಮಧ್ಯಾಹ್ನದ ಬಿಸಿಲಿಗೆ ಕರಗಿದರೆ ಅಂಬಲಿ, ಅಂಚು ಹೂತುಕೊಂಡು ಮುಗ್ಗರಿಸುತ್ತೀರಿ. ಬೇಕಾದದ್ದು ನಡುವಿನದು. ದೊಡ್ಡ ರೆಸಾರ್ಟುಗಳಲ್ಲಿ ರಾತ್ರಿ ಹೊತ್ತು ಯಂತ್ರ ಓಡಿಸಿ ಹಿಮವನ್ನು ಒತ್ತಿ ಬಾಚುತ್ತಾರೆ, ಬೆಳಗ್ಗೆ ನೋಡಿದರೆ ಕೂರಿಗೆ ಹೊಡೆದ ಹೊಲದ ಹಾಗೆ ಸಾಲು ಸಾಲು. ಇಂಗ್ಲಿಷಿನಲ್ಲಿ ಇದಕ್ಕೆ ಕಾರ್ಡುರಾಯ್ ಅಂತ ಹೆಸರು, ಪ್ಯಾಂಟಿನ ಬಟ್ಟೆ ನೆನೆಸಿಕೊಳ್ಳಿ. ಅದರ ಮೇಲೆ ಮೊದಲ ಒಂದು ಗಂಟೆ ಇಳಿಯಲು ಕಾರ್ವಿಂಗ್ ಹುಚ್ಚಿನವರು ಕತ್ತಲಲ್ಲೇ ಏಳುತ್ತಾರೆ.

ನಾನು ಬೋರ್ಡಿನ ಮೇಲೆ ನಿಂತಿರುವುದು ಒಂದೇ ಸಲ, ಗುಲ್ಮಾರ್ಗ್‌ನಲ್ಲಿ, ಮೂರು ದಿನ. ಅಲ್ಲಿನ ಹೆಸರು ಇರುವುದೇ ಪುಡಿ ಹಿಮಕ್ಕೆ. ಗೊಂಡೋಲಾ (ಕೇಬಲ್ ಕಾರು) ಹತ್ತಿ ಅಫರ್ವಟ್ ಶಿಖರದ ಕಡೆ 3,900 ಮೀಟರಿಗೂ ಮೇಲೆ ಹೋಗುವವರು ಹಿಟ್ಟಿನಲ್ಲಿ ತೇಲಲು ಹೋಗುತ್ತಾರೆ. ನಾವು ಕಲಿಯುವವರು ಕೆಳಗಿನ ಮೆತ್ತನೆ ಇಳಿಜಾರಿನಲ್ಲಿ. ಬಾಡಿಗೆಗೆ ಕೊಟ್ಟ ಬೋರ್ಡಿನ ಅಂಚು ಸವೆದು ದುಂಡಗಾಗಿತ್ತು. ಹೆಬ್ಬೆರಳಿನ ಉಗುರನ್ನು ಅಂಚಿನ ಮೇಲೆ ಮೆಲ್ಲಗೆ ಎಳೆದರೆ ಉಗುರಿನ ಪುಡಿ ಏಳಬೇಕು, ಆಗ ಚೂಪು ಇದೆ ಅಂತ. ನನ್ನದರಲ್ಲಿ ಉಗುರು ಸುಮ್ನೆ ಜಾರಿತು. ಅಂಗಡಿಯವನಿಗೆ ಹೇಳಿದರೆ "ಬಿಗಿನರ್‌ಗೆ ಇದೇ ಒಳ್ಳೇದು ಸಾರ್" ಅಂದ. ಬೇಜಾರಾದರೂ ಅವನ ಮಾತಲ್ಲಿ ಒಂಚೂರು ನಿಜ ಇತ್ತು, ಚೂಪು ಅಂಚು ಹೊಸಬರನ್ನು ಎತ್ತಿ ಒಗೆಯುತ್ತದೆ. ಮೂರು ದಿನ ಕರ್‌ರ್ ಅಂತ ಕೆರೆದುಕೊಂಡೇ ಇಳಿದೆ. ಕೊನೆಯ ದಿನ ಬೆಳಗ್ಗೆ, ಜನ ತುಳಿದು ಗಟ್ಟಿಯಾಗಿದ್ದ ಒಂದು ಜಾಗದಲ್ಲಿ ಕಾಲ್ಬೆರಳ ಕಡೆಗೆ ವಾಲಿದಾಗ ಆ ಸದ್ದು ನಿಂತುಹೋಯಿತು. ಎಣಿಸಿದರೆ ಎರಡು ಸೆಕೆಂಡು ಇರಬಹುದು. ಬೋರ್ಡು ಹಳಿ ಮೇಲೆ ಹೋದ ಹಾಗೆ ಹೋಯಿತು, ನಾನು ಗಾಬರಿಯಾಗಿ ಬಿದ್ದೆ. ಎದ್ದು ಹಿಂದೆ ನೋಡಿದರೆ ಮೂರು ಮಾರು ಉದ್ದದ ಸಣ್ಣ ಗೆರೆ, ಅದರ ತುದಿಗೆ ನಾನು ಬಿದ್ದ ಗುಂಡಿ.

ಇದನ್ನೆಲ್ಲ ಕೇಳಿದ ಮೇಲೆ ಹುಡುಗ ಸುಮ್ಮನಿರಲಿಲ್ಲ. ಒಂದು ತಟ್ಟೆಗೆ ರಾಗಿ ಹಿಟ್ಟು ಸುರಿದು, ಬಟ್ಟಲಿನ ತಳದಿಂದ ಒತ್ತಿ ಗಟ್ಟಿ ಮಾಡಿ, ಲಗ್ನಪತ್ರಿಕೆಯ ಪಟ್ಟಿಯನ್ನು ಮೊದಲು ಅಡ್ಡಕ್ಕೆ ಎಳೆದ. ಹಿಟ್ಟು ಗುಡ್ಡೆಯಾಯಿತು. ಆಮೇಲೆ ಓರೆ ಮಾಡಿ, ಸೊಂಟಕ್ಕೆ ಬೆರಳು ಒತ್ತಿ, ಉದ್ದಕ್ಕೆ ಮೆಲ್ಲಗೆ ತಳ್ಳಿದ. ಬಳುಕಿದ ಒಂದು ಗೆರೆ ಬಿತ್ತು. "ಮಾಮ, ಕೊರೀತು!" ಅಂತ ಕೂಗಿದ. ಅಡುಗೆಮನೆಯಿಂದ ಅಕ್ಕ ಬಂದು ತಟ್ಟೆ ನೋಡಿದಳು. "ಕೊರೆದಿದ್ದೂ ಸಾಕು, ಕೆರೆದಿದ್ದೂ ಸಾಕು. ಇತ್ಲಾಗೆ ಕೊಡು, ರಾತ್ರಿ ಮುದ್ದೆಗೆ ಇರೋದೇ ಅಷ್ಟು ಹಿಟ್ಟು."