ಹಡಗು ಕುಗ್ಗಬಹುದು, ಕೂರುವವನು ಕುಗ್ಗುವುದಿಲ್ಲ

ಮಳೆಗಾಲದಲ್ಲಿ ಕೊಡಗಿನ ಕಾಫಿ ತೋಟಗಳ ಗೋದಾಮು ಖಾಲಿಯಿರುತ್ತದೆ. ಮೂಟೆಗಳು ಕಾಫಿ ಹದಗೊಳಿಸುವ ಕ್ಯೂರಿಂಗ್ ವರ್ಕ್ಸ್ ಸೇರಿ, ಹೊಸ ಹಣ್ಣಿಗೆ ಇನ್ನೂ ತಿಂಗಳುಗಳಿರುವ ಆ ಬಿಡುವಿನಲ್ಲಿ ನಾನು ಗೋದಾಮಿನ ಸಿಮೆಂಟು ನೆಲದ ಮೇಲೆ ಸೀಮೆಸುಣ್ಣದಿಂದ ಒಂದು ಹಡಗಿನ ಆಕಾರ ಎಳೆದೆ. ಆರು ಮೀಟರ್ ಉದ್ದ, ನಡುವೆ ಮುಕ್ಕಾಲು ಮೀಟರ್ ಅಗಲ, ಎರಡೂ ಮಗ್ಗುಲಲ್ಲಿ ಕಿವಿಗಳಂತೆ ಹೊರಚಾಚಿದ ಚಕ್ರದ ಗೂಡುಗಳು. ಸ್ಕಾಟ್ಲೆಂಡಿನಲ್ಲಿ 1946ರಲ್ಲಿ ನೀರಿಗಿಳಿದು ಇಂದಿಗೂ ಸಮುದ್ರದಲ್ಲಿ ಪ್ರಯಾಣಿಕರನ್ನು ಹೊತ್ತು ಓಡಾಡುವ ‘ವೇವರ್ಲಿ’ ಎಂಬ ಪ್ಯಾಡಲ್ ಸ್ಟೀಮರಿನ (ಮಗ್ಗುಲಿನ ಚಕ್ರಗಳಿಂದ ನೀರನ್ನು ತಳ್ಳಿ ಸಾಗುವ ಉಗಿಹಡಗಿನ) ಹನ್ನೆರಡನೇ ಒಂದು ಅಳತೆಯದು. ಬಾಗಿಲಲ್ಲಿ ಕೊಡೆ ಮಡಚುತ್ತಿದ್ದ ತೋಟದ ಲೆಕ್ಕಪತ್ರ ನೋಡುವ ರೈಟರ್ ಅದನ್ನು ನೋಡಿ, “ಇದರಲ್ಲಿ ಎಷ್ಟು ಜನ ಕೂರಬಹುದು?” ಎಂದು ಕೇಳಿದರು. ಉತ್ತರ ಕೊಡಲು ನನಗೆ ಮೂರು ದಿನ ಹಿಡಿಯಿತು.

ಒಳಗೆ ಮನುಷ್ಯ ಕೂತು ನಡೆಸುವಷ್ಟು ದೊಡ್ಡ ಮಾದರಿ ಹಡಗುಗಳು ಹೊಸ ಹುಚ್ಚೇನಲ್ಲ. ಇಂಗ್ಲೆಂಡಿನ ಸ್ಕಾರ್‌ಬರೋ ಪಟ್ಟಣದ ಪೀಸ್‌ಹೋಮ್ ಉದ್ಯಾನದ ಕೆರೆಯಲ್ಲಿ 1927ರಿಂದ ಪುಟಾಣಿ ಯುದ್ಧನೌಕೆಗಳ ಕದನ ಪ್ರೇಕ್ಷಕರ ಮುಂದೆ ನಡೆಯುತ್ತ ಬಂದಿದೆ. ಸುಮಾರು ಆರು ಮೀಟರ್ ಉದ್ದದ ಆ ನೌಕೆಗಳ ಹೊಟ್ಟೆಯಲ್ಲಿ ಆಳು ಅಡಗಿ ಕೂತು ಚುಕ್ಕಾಣಿ ಹಿಡಿಯುತ್ತಾನೆ. ಫ್ರಾನ್ಸಿನ ಗ್ರೆನೋಬಲ್ ಬಳಿಯ ಪೋರ್ಟ್ ರೆವೆಲ್ ಎಂಬಲ್ಲಿ ಇದೇ ಕೆಲಸ ಆಟದ ಮೇರೆ ಮೀರಿದೆ. 1967ರಿಂದ ಅಲ್ಲಿ ದೈತ್ಯ ಹಡಗುಗಳ ಕ್ಯಾಪ್ಟನ್ನರೂ ಬಂದರಿನ ಪೈಲಟ್‌ಗಳೂ 1:25 ಅಳತೆಯ ಮಾದರಿಗಳಲ್ಲಿ ಕೂತು ಹಡಗು ತಿರುಗಿಸುವ ತರಬೇತಿ ಪಡೆಯುತ್ತಾರೆ. ಅವರಿಗೆ ತೊಡಕಾಗುವುದು ಕಾಲ. ಅಳತೆ 25 ಪಟ್ಟು ಕುಗ್ಗಿದರೆ ಕಾಲ ಅದರ ವರ್ಗಮೂಲದಷ್ಟು, ಅಂದರೆ 5 ಪಟ್ಟು, ಕುಗ್ಗುತ್ತದೆ. ಸಮುದ್ರದಲ್ಲಿ ಒಂದು ಗಂಟೆ ಹಿಡಿಯುವ ತಿರುವು ಕೆರೆಯಲ್ಲಿ 12 ನಿಮಿಷದಲ್ಲಿ ಮುಗಿದುಹೋಗುತ್ತದೆ. ಕೂತವನ ಮಿದುಳು ಮಾತ್ರ ಹಳೆಯ ವೇಗದಲ್ಲೇ ಯೋಚಿಸುತ್ತಿರುತ್ತದೆ.

ಈಗ ರೈಟರ್ ಅವರ ಪ್ರಶ್ನೆಗೆ ಬರೋಣ. ವೇವರ್ಲಿಯ ಉದ್ದ ಸುಮಾರು 73 ಮೀಟರ್, ಒಡಲಿನ ಅಗಲ 9 ಮೀಟರಿಗೆ ತುಸು ಹೆಚ್ಚು, ಚಕ್ರದ ಗೂಡುಗಳನ್ನೂ ಸೇರಿಸಿದರೆ 17 ಮೀಟರ್ ದಾಟುತ್ತದೆ, ನೀರಿನಲ್ಲಿ ಮುಳುಗುವ ಆಳ ಎರಡು ಮೀಟರಿಗೂ ಕಡಿಮೆ. ಈ ಅಳತೆಗಳಿಂದ ಅದರ ತೂಕವನ್ನು 700 ಟನ್ ಎಂದು ಅಂದಾಜು ಹಿಡಿಯೋಣ. ಉದ್ದ, ಅಗಲ, ಆಳ ಮೂರೂ ಒಟ್ಟಿಗೆ ಕುಗ್ಗುವುದರಿಂದ ತೂಕ ಅಳತೆಯ ಘನದ ಪ್ರಮಾಣದಲ್ಲಿ ಇಳಿಯುತ್ತದೆ. 1:24ರ ಮಾದರಿ ಮೂರು ಮೀಟರ್ ಉದ್ದವಿದ್ದು ಕಣ್ಣಿಗೆ ದೋಣಿಯಂತೆಯೇ ಕಂಡರೂ, ತನ್ನ ಸರಿಯಾದ ನೀರಗೆರೆಯಲ್ಲಿ ತೇಲುವಾಗ ಅದರ ಒಟ್ಟು ತೂಕ ಸುಮಾರು 50 ಕಿಲೋ ಮಾತ್ರ ಇರಬೇಕು, ಅಂದರೆ ಒಂದು ಮೂಟೆ ಕಾಫಿ. ಅದರಲ್ಲಿ ಮನುಷ್ಯ ಕೂರುವ ಮಾತೇ ಇಲ್ಲ. ಅಳತೆಯನ್ನು ಇಮ್ಮಡಿಸಿ 1:12ಕ್ಕೆ ಬಂದರೆ ತೂಕ ಎಂಟು ಪಟ್ಟಾಗಿ 400 ಕಿಲೋ ದಾಟುತ್ತದೆ. ಎಪ್ಪತ್ತು ಕಿಲೋದ ಇಬ್ಬರು ಕೂತರೂ ಒಡಲು, ಯಂತ್ರ, ಚಕ್ರ, ಬ್ಯಾಟರಿಗಳಿಗೆ 260 ಕಿಲೋ ಉಳಿಯುತ್ತದೆ. ಆದ್ದರಿಂದ ತೂಕದ ಲೆಕ್ಕದಲ್ಲಿ ಉತ್ತರ ಇಬ್ಬರು.

ಆದರೆ ದೋಣಿ ಮುಳುಗುವುದಕ್ಕಿಂತ ಮಗುಚುವುದೇ ಹೆಚ್ಚು. ದೋಣಿ ವಾಲಿದಾಗ ಆ ಮಗ್ಗುಲಿನ ಒಡಲು ಹೆಚ್ಚು ಮುಳುಗಿ, ತೇಲಿಸುವ ಬಲದ ಕೇಂದ್ರ ಅತ್ತ ಸರಿಯುತ್ತದೆ. ಆ ಬಲವನ್ನು ನೇರ ಮೇಲಕ್ಕೆ ಗೆರೆಯಾಗಿ ಎಳೆದರೆ ಅದು ದೋಣಿಯ ನಡುಗೆರೆಯನ್ನು ಕೂಡುವ ಬಿಂದುವಿಗೆ ಮೆಟಾಸೆಂಟರ್ ಎನ್ನುತ್ತಾರೆ. ಗುರುತ್ವಕೇಂದ್ರ ಅದರ ಕೆಳಗಿದ್ದರೆ ದೋಣಿ ತಾನಾಗಿ ನೆಟ್ಟಗಾಗುತ್ತದೆ, ಮೇಲಿದ್ದರೆ ಬೋರಲಾಗುತ್ತದೆ. ಹರಿಗೋಲು ಅಗಲವಾಗಿ ಚಪ್ಪಟೆಯಾಗಿರುವುದರಿಂದ ಅದರ ಮೆಟಾಸೆಂಟರ್ ಬಹಳ ಎತ್ತರದಲ್ಲಿರುತ್ತದೆ, ಹಾಗಾಗಿ ಸಾಕಷ್ಟು ಅಂಕೆಯಿಲ್ಲದ ಪ್ರಯಾಣಿಕರನ್ನೂ ಅದು ಕ್ಷಮಿಸುತ್ತದೆ. ನನ್ನ ಮಾದರಿಯ ಒಡಲು ಮುಕ್ಕಾಲು ಮೀಟರ್ ಅಗಲದ್ದಷ್ಟೆ. ಲೆಕ್ಕ ಹಾಕಿದಾಗ ಮೆಟಾಸೆಂಟರ್ ತಳದಿಂದ ಸುಮಾರು 39 ಸೆಂಟಿಮೀಟರ್ ಮೇಲೆ ಬಂತು. ತಳಕ್ಕೆ ಅಂಟಿದಂತೆ ಕಾಲು ಚಾಚಿ ಕೂತ ಒಬ್ಬನ ಜೊತೆ ಇಡೀ ದೋಣಿಯ ಗುರುತ್ವಕೇಂದ್ರ 23ರ ಹತ್ತಿರ ಇರುತ್ತದೆ. ನಡುವೆ 16 ಸೆಂಟಿಮೀಟರ್ ಅಂತರ, ಅಷ್ಟು ಸಾಕು. ಅದೇ ಮನುಷ್ಯ ಫೋಟೋಕ್ಕೆಂದು ಎದ್ದು ನಿಂತರೆ ಅಂತರ ನಾಲ್ಕಕ್ಕಿಂತ ಕೆಳಗಿಳಿಯುತ್ತದೆ. ಇಬ್ಬರೂ ಎದ್ದರೆ ಗುರುತ್ವಕೇಂದ್ರ ಮೆಟಾಸೆಂಟರಿನ ಮೇಲಕ್ಕೆ ಹೋಗಿ ಇಬ್ಬರೂ ಕೆರೆಯಲ್ಲಿರುತ್ತಾರೆ. ನಿಜವಾದ ಹಡಗಿನಲ್ಲಿ ಒಬ್ಬ ಪ್ರಯಾಣಿಕ ಒಟ್ಟು ತೂಕದ ಹತ್ತು ಸಾವಿರದಲ್ಲೊಂದು ಪಾಲು; ಇಲ್ಲಿ ಅವನು ಆರರಲ್ಲೊಂದು ಪಾಲು, ಅದೂ ಅಲ್ಲಾಡುವ ಪಾಲು.

ಪ್ರೊಪೆಲರ್ ಇರುವ ದೋಣಿ ಸ್ವಲ್ಪ ವಾಲಿದರೆ ಚಾಲಕ ಗಮನಿಸದೆಯೂ ಇರಬಹುದು. ಪ್ಯಾಡಲ್ ದೋಣಿಯಲ್ಲಿ ಹಾಗಾಗದು, ಏಕೆಂದರೆ ಚಕ್ರಗಳು ನಡುಗೆರೆಯಿಂದ ಬಹುದೂರದಲ್ಲಿವೆ. ಕೂತವನು ಪಕ್ಕಕ್ಕೆ 20 ಸೆಂಟಿಮೀಟರ್ ಸರಿದರೆ ನನ್ನ ಮಾದರಿ 12 ಡಿಗ್ರಿಯಷ್ಟು ವಾಲುತ್ತದೆ. ಆಗ ಒಂದು ಚಕ್ರ 11 ಸೆಂಟಿಮೀಟರ್ ಕೆಳಗಿಳಿಯುತ್ತದೆ, ಇನ್ನೊಂದು ಅಷ್ಟೇ ಮೇಲೇಳುತ್ತದೆ. ಚಕ್ರದ ಅಂಚಿನಲ್ಲಿ ನೀರು ತಳ್ಳುವ ಹಲಗೆಗಳ ಎತ್ತರವೇ ಏಳೆಂಟು ಸೆಂಟಿಮೀಟರ್. ಒಂದು ಚಕ್ರ ಕಂಠಮಟ್ಟ ಮುಳುಗಿ ಏದುಸಿರು ಬಿಡುವಾಗ ಇನ್ನೊಂದು ಗಾಳಿಯಲ್ಲಿ ಬೀಸಣಿಗೆಯಂತೆ ತಿರುಗಿ, ದೋಣಿ ಸುತ್ತು ಹಾಕತೊಡಗುತ್ತದೆ. ದೊಡ್ಡ ಹಡಗುಗಳಿಗೂ ಈ ಕಾಟವಿತ್ತು. ಬೇರೆ ಹಡಗುಗಳನ್ನು ಎಳೆಯುವ ಹಳೆಯ ಕೆಲವು ಪ್ಯಾಡಲ್ ಟಗ್‌ಗಳಲ್ಲಿ ಭಾರವಾದ ಸರಪಳಿ ತುಂಬಿದ ಗಾಡಿಯನ್ನು ಡೆಕ್ಕಿನ ಮೇಲೆ ಅತ್ತಿತ್ತ ತಳ್ಳಿ ಹಡಗನ್ನು ಸಮ ಮಾಡುತ್ತಿದ್ದರು.

ಇನ್ನು ಚಕ್ರದ ವಿಷಯ, ಇದೇ ನನಗೆ ಎಲ್ಲಕ್ಕಿಂತ ಪ್ರಿಯವಾದ ಭಾಗ. ಪ್ರವಾಸಿ ತಾಣಗಳಲ್ಲಿ ಕಾಲಿನಿಂದ ತುಳಿಯುವ ಪೆಡಲ್ ದೋಣಿಯಲ್ಲಿ ಕೂತವರಿಗೆ ಗೊತ್ತು: ಎಷ್ಟು ತುಳಿದರೂ ನೀರು ಚಿಮ್ಮುವುದೇ ಹೆಚ್ಚು, ದೋಣಿ ಮುಂದೆ ಹೋಗುವುದು ಕಡಿಮೆ. ಅದರ ಹಲಗೆಗಳನ್ನು ಚಕ್ರಕ್ಕೆ ಬಿಗಿಯಾಗಿ ಜೋಡಿಸಿರುವುದೇ ಕಾರಣ. ನೀರಿಗಿಳಿಯುವಾಗ ಹಲಗೆ ಅಂಗೈಯಿಂದ ಹೊಡೆದಂತೆ ನೀರನ್ನು ಕೆಳಕ್ಕೆ ಬಡಿಯುತ್ತದೆ, ಮೇಲೇಳುವಾಗ ಮೊರದಲ್ಲಿ ಮೊಗೆದಂತೆ ಎತ್ತಿ ಚೆಲ್ಲುತ್ತದೆ. ನೀರನ್ನು ಹಿಂದಕ್ಕೆ ತಳ್ಳುವುದು ನಡುವಿನ ಒಂದು ಗಳಿಗೆ ಮಾತ್ರ. ಎಲಿಜಾ ಗ್ಯಾಲೋವೇ 1829ರಲ್ಲಿ ಪೇಟೆಂಟ್ ಪಡೆದ ಚಕ್ರ ಇದಕ್ಕೆ ಪರಿಹಾರ ತಂದಿತು. ಅದರ ಒಂದೊಂದು ಹಲಗೆಯೂ ತನ್ನದೇ ಕೀಲಿನ ಮೇಲೆ ತಿರುಗುತ್ತದೆ. ಪ್ರತಿಯೊಂದರಿಂದಲೂ ಒಂದು ಸರಳು ಹೊರಟು, ಚಕ್ರದ ಅಚ್ಚಿಗಿಂತ ತುಸು ಮುಂದಕ್ಕೆ ಸರಿಸಿ ಕೂರಿಸಿದ ಇನ್ನೊಂದು ಕೇಂದ್ರವನ್ನು, ಅಂದರೆ ಎಕ್ಸೆಂಟ್ರಿಕ್ಕನ್ನು, ಸೇರುತ್ತದೆ. ಎರಡು ಕೇಂದ್ರಗಳ ನಡುವಿನ ಆ ಅಂತರದಿಂದಾಗಿ ಚಕ್ರ ತಿರುಗಿದಂತೆ ಹಲಗೆಗಳು ತಾವಾಗಿ ಓರೆ ಬದಲಿಸುತ್ತವೆ.

ಎಷ್ಟು ಓರೆ ಇರಬೇಕು ಎಂಬುದಕ್ಕೆ ಶಾಲೆಯ ರೇಖಾಗಣಿತವೇ ಸಾಕು. ಹಡಗು ಮುಂದೆ ಸಾಗುತ್ತಿರುವಾಗ ಚಕ್ರವು ನೀರಿನೊಳಗಿನ ಕಾಣದ ನೆಲದ ಮೇಲೆ ಉರುಳುತ್ತಿದೆ ಎಂದು ಭಾವಿಸಿ. ಉರುಳುವ ಚಕ್ರದ ಅಂಚಿನ ಯಾವುದೇ ಬಿಂದು ಆ ಕ್ಷಣದಲ್ಲಿ ಚಲಿಸುವ ದಿಕ್ಕು ಅದನ್ನು ಚಕ್ರದ ತಳಬಿಂದುವಿಗೆ ಸೇರಿಸುವ ಗೆರೆಗೆ ಲಂಬವಾಗಿರುತ್ತದೆ; ಅರ್ಧವೃತ್ತದೊಳಗಿನ ಕೋನ ಲಂಬಕೋನವಾದ್ದರಿಂದ ಆ ದಿಕ್ಕಿನ ಗೆರೆ ಚಕ್ರದ ತುತ್ತತುದಿಯ ಮೂಲಕವೇ ಹಾಯುತ್ತದೆ. ಹಾಗಾಗಿ ನೀರಿಗಿಳಿಯುವ ಹಲಗೆಯನ್ನು ಮೇಲಕ್ಕೆ ಬೆಳೆಸಿದರೆ ಅದು ಚಕ್ರದ ನೆತ್ತಿಯನ್ನು ಮುಟ್ಟುವಂತಿದ್ದರೆ, ಹಲಗೆ ಚಾಕು ಇಳಿದಂತೆ ಸದ್ದಿಲ್ಲದೆ ನೀರಿಗಿಳಿಯುತ್ತದೆ. ವೇವರ್ಲಿಯ ಒಂದೊಂದು ಚಕ್ರಕ್ಕೂ ಎಂಟೆಂಟು ಹಲಗೆಗಳು. ಕೀಲುಗಳನ್ನೆಲ್ಲ ಲೆಕ್ಕ ಹಾಕಿದರೆ ಎದೆಗುಂದುವುದು ಸಹಜ, ಆದರೆ ಮಡಿಕೇರಿ ದಸರಾದ ದಶಮಂಟಪಗಳಲ್ಲಿ ರಾಕ್ಷಸನ ತೋಳನ್ನು ಎತ್ತಿ ಇಳಿಸುವ ಮೋಟಾರು, ಚೈನು, ಲಿವರುಗಳನ್ನು ಜೋಡಿಸಿದವರಿಗೆ ಇದು ಹೊಸ ವಿದ್ಯೆಯಲ್ಲ.

ಚಕ್ರವನ್ನು ತಿರುಗಿಸಲು ಬೇಕಾಗುವ ಶಕ್ತಿ ಕೇಳಿದರೆ ನಗು ಬರುತ್ತದೆ. ವಿಲಿಯಂ ಫ್ರೌಡ್ ಎಂಬ ಇಂಜಿನಿಯರ್ 1867ರಲ್ಲಿ ಇಂಗ್ಲೆಂಡಿನ ಡಾರ್ಟ್ ನದಿಯಲ್ಲಿ 3, 6 ಮತ್ತು 12 ಅಡಿ ಉದ್ದದ ಮಾದರಿಗಳನ್ನು ಎಳೆಸಿ ನೋಡಿ, ವೇಗವನ್ನು ಉದ್ದದ ವರ್ಗಮೂಲದ ಪ್ರಮಾಣದಲ್ಲಿ ಇಳಿಸಿದರೆ ಚಿಕ್ಕದೂ ದೊಡ್ಡದೂ ಒಂದೇ ಬಗೆಯ ಅಲೆ ಎಬ್ಬಿಸುತ್ತವೆ ಎಂದು ಕಂಡುಕೊಂಡರು. 14 ನಾಟ್ (ಗಂಟೆಗೆ ಸುಮಾರು 26 ಕಿಲೋಮೀಟರ್) ವೇಗದ ಹಡಗು 1:12ರಲ್ಲಿ ಗಂಟೆಗೆ ಏಳೂವರೆ ಕಿಲೋಮೀಟರ್ ಸಾಗಿದರೆ ಸಾಕು; ಕೆರೆಯ ಏರಿಯ ಮೇಲೆ ಬಿರುಸಾಗಿ ನಡೆಯುವವನು ಅದರ ಜೊತೆಗೆ ಹೋಗಬಲ್ಲ. ಶಕ್ತಿ ಇನ್ನೂ ವೇಗವಾಗಿ, ಅಳತೆಯ ಮೂರೂವರೆ ಘಾತದಲ್ಲಿ ಇಳಿಯುವುದರಿಂದ, 2100 ಕುದುರೆಶಕ್ತಿಯ ಉಗಿಯಂತ್ರದ ಕೆಲಸಕ್ಕೆ ಇಲ್ಲಿ ಸುಮಾರು 260 ವಾಟ್ ಸಾಲುತ್ತದೆ. ಅಡುಗೆಮನೆಯ ಮಿಕ್ಸಿ ಇದರ ಎರಡು ಪಟ್ಟು ಶಕ್ತಿಯದು. ಆದರೆ ಫ್ರೌಡ್ ಒಂದು ಎಚ್ಚರಿಕೆಯನ್ನೂ ಕೊಟ್ಟಿದ್ದರು: ಅಲೆಯ ತಡೆ ಈ ನಿಯಮಕ್ಕೆ ಬಗ್ಗುತ್ತದೆ, ನೀರು ಒಡಲಿನ ಮೈಯನ್ನು ಉಜ್ಜುವ ತಡೆ ಬಗ್ಗುವುದಿಲ್ಲ, ಅದನ್ನು ಬೇರೆಯಾಗಿ ಲೆಕ್ಕ ಹಾಕಬೇಕು. ಚಿಕ್ಕ ಒಡಲಿಗೆ ನೀರು ತನ್ನ ಪಾಲಿಗಿಂತ ಹೆಚ್ಚು ಅಂಟು. ಅದಕ್ಕೂ ಕೀಲುಗಳ ತಿಕ್ಕಾಟಕ್ಕೂ ಸೇರಿಸಿ ನಾನು ಇಮ್ಮಡಿ ಶಕ್ತಿಯ ಮೋಟಾರು ಇಟ್ಟುಕೊಂಡಿದ್ದೇನೆ.

ಕುಗ್ಗದ ಇನ್ನೊಂದು ವಸ್ತು ನೀರಹನಿ. ಮೇಲ್ಮೈ ಎಳೆತ ಹನಿಯ ಗಾತ್ರವನ್ನು ನಿರ್ಧರಿಸುತ್ತದೆ, ಅದಕ್ಕೆ ನಮ್ಮ ಅಳತೆಪಟ್ಟಿ ಗೊತ್ತಿಲ್ಲ. ಎಷ್ಟೇ ಅಚ್ಚುಕಟ್ಟಾಗಿ ಕಿಟಕಿ, ಚಿಮಣಿ, ಕಟಕಟೆ ಮಾಡಿದರೂ ಚಕ್ರದಿಂದ ಸಿಡಿಯುವ ಒರಟು ಹನಿಗಳೇ ಫೋಟೋದಲ್ಲಿ ಗುಟ್ಟು ಬಿಟ್ಟುಕೊಡುತ್ತವೆ.

ಉಗಿಯನ್ನೇ ಬಳಸಬಾರದೇ ಎಂದು ಗೆಳೆಯರು ಕೇಳುತ್ತಾರೆ. ಆಸೆಯೇನೋ ಇದೆ. ಆದರೆ ಸಿಲಿಂಡರ್ ಚಿಕ್ಕದಾದಷ್ಟೂ ಅದರ ಗಾತ್ರಕ್ಕೆ ಹೋಲಿಸಿದರೆ ಗೋಡೆ ಹೆಚ್ಚು, ಗೋಡೆಗೆ ತಗುಲಿ ಕೆಲಸ ಮಾಡದೆಯೇ ನೀರಾಗಿಬಿಡುವ ಉಗಿಯೂ ಹೆಚ್ಚು. ಮೇಲಾಗಿ 25 ಲೀಟರ್ ಮೀರಿದ ಬಾಯ್ಲರಿಗೆ ನಮ್ಮಲ್ಲಿ ಕಾನೂನಿನ ತಪಾಸಣೆಯಿದೆ, ಇರಬೇಕಾದದ್ದೇ. ಸೀಸದ ಬ್ಯಾಟರಿಗಳನ್ನು ತಳದ ನಡುಗೆರೆಯುದ್ದಕ್ಕೂ ಮಲಗಿಸಿದರೆ ಒಂದೇ ಏಟಿಗೆ ಶಕ್ತಿಯೂ ದೊರೆಯಿತು, ಗುರುತ್ವಕೇಂದ್ರವನ್ನು ಕೆಳಗಿಳಿಸುವ ಭಾರವೂ ದೊರೆಯಿತು.

ಒಡಲಿಗೆ ಹೆಬ್ಬಲಸು ಒಳ್ಳೆಯ ಮರ. ಕೇರಳದ ದೋಣಿ ಕಟ್ಟುವವರು ಆಞ್ಞಿಲಿ ಎಂದು ಕರೆದು ತಲೆತಲಾಂತರದಿಂದ ಬಳಸುವುದು ಅದನ್ನೇ. ಆದರೂ ತೂಕದ ಕಾರಣಕ್ಕೆ ನಾನು ಮೆರೈನ್ ಪ್ಲೈವುಡ್ಡಿನ ಮೇಲೆ ಫೈಬರ್‌ಗ್ಲಾಸ್ ಹಾಕುವುದೆಂದು ನಿಶ್ಚಯಿಸಿದೆ. ಇಲ್ಲಿ ಕೊಡಗಿನ ಹವೆ ಅಡ್ಡ ಬರುತ್ತದೆ. ಫೈಬರ್‌ಗ್ಲಾಸನ್ನು ಹಿಡಿಸುವ ಎಪಾಕ್ಸಿ ಅಂಟು ತೇವದ ಗಾಳಿಯಲ್ಲಿ ಒಣಗಿದರೆ ಮೇಲೆ ಜಿಡ್ಡಿನ ಪೊರೆ ಕಟ್ಟಿ ಮುಂದಿನ ಪದರ ಹಿಡಿಯುವುದಿಲ್ಲ. ಆಟಿ ತಿಂಗಳಲ್ಲಿ ಹಪ್ಪಳವೇ ಗರಿಗರಿಯಾಗಿರದ ಊರು ನಮ್ಮದು. ಗೋದಾಮು ಖಾಲಿಯಿರುವಾಗ ಹವೆ ಒದ್ದೆ, ಹವೆ ಒಣಗಿದಾಗ ಗೋದಾಮು ತುಂಬಿರುತ್ತದೆ. ಕೆರೆಯದೂ ಅದೇ ಕತೆ: ಫೆಬ್ರವರಿ, ಮಾರ್ಚಿನಲ್ಲಿ ಕಾಫಿ ಹೂ ಅರಳಿಸುವ ಹೂಮಳೆ ಕೈಕೊಟ್ಟರೆ ಸ್ಪ್ರಿಂಕ್ಲರ್ ಹಾಕಿ ನೀರೆತ್ತುತ್ತೇವೆ, ಮಟ್ಟ ತಳ ಕಾಣುತ್ತದೆ. ದೋಣಿ ಇಳಿಸಲು ಉಳಿಯುವುದು ಅಕ್ಟೋಬರಿನಿಂದ ಜನವರಿ. ಪುಣ್ಯಕ್ಕೆ 16 ಸೆಂಟಿಮೀಟರ್ ನೀರಿದ್ದರೆ ಇದು ತೇಲುತ್ತದೆ, ಕಳೆ ತುಂಬಿದ ಅಂಚಿನಲ್ಲೂ ಪ್ರೊಪೆಲರಿನಂತೆ ಸಿಕ್ಕಿಹಾಕಿಕೊಳ್ಳುವುದಿಲ್ಲ. ಬ್ರಿಟಿಷ್ ನೌಕಾಪಡೆ 1845ರಲ್ಲಿ ಪ್ರೊಪೆಲರಿನ ರ‍್ಯಾಟ್ಲರನ್ನು ಪ್ಯಾಡಲಿನ ಅಲೆಕ್ಟೋ ಎಂಬ ಹಡಗಿಗೆ ಕಟ್ಟಿ ಹಗ್ಗಜಗ್ಗಾಟ ಆಡಿಸಿದಾಗ ಪ್ಯಾಡಲ್ ಹಿಮ್ಮುಖವಾಗಿ ಎಳೆಸಿಕೊಂಡು ಹೋದದ್ದು ನಿಜ. ಆದರೆ ಆ ಸ್ಪರ್ಧೆ ನಡೆದದ್ದು ನಮ್ಮ ಕೆರೆಯಲ್ಲಲ್ಲ.

ಒಡಲಿನ ಎರಡೂ ತುದಿಗಳಲ್ಲಿ ಗಾಳಿಯಾಡದ ಕೋಣೆಗಳು, ಅವುಗಳ ತುಂಬ ಫೋಮ್, ಕೂತವರಿಗೆ ಲೈಫ್ ಜಾಕೆಟ್, ಚಕ್ರ ಮತ್ತು ಸೀಟಿನ ನಡುವೆ ಗಟ್ಟಿ ತಡಿಕೆ, ಇವುಗಳಲ್ಲಿ ರಾಜಿ ಇಲ್ಲ. ಉದ್ಘಾಟನೆಗೆ ಕೊಡವರ ಉಡುಪಾದ ಕುಪ್ಯ, ಸೊಂಟಕ್ಕೆ ಸುತ್ತುವ ಚೇಲೆ ತೊಟ್ಟು ಕೂರುತ್ತೇನೆಂದ ನಮ್ಮ ಮಾವನಿಗೆ, ನಿಮಿಷಕ್ಕೆ ನೂರೈವತ್ತು ಸುತ್ತು ತಿರುಗುವ ಅಚ್ಚಿನ ಪಕ್ಕದಲ್ಲಿ ಚೇಲೆಯ ತುದಿ ಇಳಿಬಿಡುವುದು ಬೇಡವೆಂದು ಹೇಳಿದ್ದೇನೆ.

ಇಷ್ಟೆಲ್ಲ ಲೆಕ್ಕ ಮುಗಿಸಿ ರೈಟರ್ ಅವರನ್ನು ಕರೆದು, “ಇಬ್ಬರು ಕೂರಬಹುದು, ಏಳುವ ಹಾಗಿಲ್ಲ” ಎಂದೆ. ಅವರು ನೆಲದ ಮೇಲಿನ ಗೆರೆಗಳನ್ನು ಇನ್ನೊಮ್ಮೆ ನೋಡಿ, ಗೋದಾಮಿನ ಬಾಗಿಲಿನತ್ತ ನಡೆದು, ಎರಡೂ ಕೈ ಚಾಚಿ ಅಳೆದರು. ಬಾಗಿಲು 1.2 ಮೀಟರ್. ಚಕ್ರದ ಗೂಡುಗಳೂ ಸೇರಿ ಹಡಗಿನ ಅಗಲ 1.45. ಆ ರಾತ್ರಿಯೇ ನಕ್ಷೆ ತಿದ್ದಿ, ಗೂಡುಗಳನ್ನೂ ಚಕ್ರಗಳನ್ನೂ ಬೋಲ್ಟು ಬಿಚ್ಚಿ ತೆಗೆಯುವಂತೆ ಮಾಡಿದೆ.