ಆಂಜಿಯೋಪ್ಲಾಸ್ಟಿ ಎಂದರೇನು?

ಹೃದಯದ ಸ್ನಾಯುವಿಗೆ ರಕ್ತ ಒದಗಿಸುವ ಪರಿಧಮನಿಗಳ ಒಳ ಅಗಲ ಹೆಚ್ಚಿನ ಕಡೆ ಎರಡರಿಂದ ನಾಲ್ಕು ಮಿಲಿಮೀಟರ್ ಮಾತ್ರ. ಅವುಗಳ ಗೋಡೆಯಲ್ಲಿ ಕೊಲೆಸ್ಟರಾಲ್, ನಾರಿನಂಥ ಅಂಗಾಂಶ, ಕ್ಯಾಲ್ಸಿಯಂ ವರ್ಷಗಟ್ಟಲೆ ಜಮೆಯಾಗಿ ದಾರಿ ಕಿರಿದಾದಾಗ, ಎದೆ ಸೀಳದೆ ನಾಳದ ಒಳಗಿನಿಂದಲೇ ಅದನ್ನು ಅಗಲಿಸುವ ಚಿಕಿತ್ಸೆಯೇ ಆಂಜಿಯೋಪ್ಲಾಸ್ಟಿ. ‘ಬ್ಲಾಕ್ ತೆಗೆಸಿಕೊಂಡು ಬಂದರು’ ಎಂದು ಮನೆಯವರು ಹೇಳುವುದುಂಟಾದರೂ ಆ ಜಿಡ್ಡನ್ನು ಯಾರೂ ಹೊರತೆಗೆಯುವುದಿಲ್ಲ. ಅದನ್ನು ಗೋಡೆಗೆ ಒತ್ತಿ, ನಾಳವನ್ನೇ ಹಿಗ್ಗಿಸಲಾಗುತ್ತದೆ.

ರೋಗಿ ಎಚ್ಚರವಾಗಿರುವಾಗಲೇ ಮಣಿಕಟ್ಟಿನ ಅಥವಾ ತೊಡೆಸಂದಿನ ಬಳಿ ಮರಗಟ್ಟಿಸುವ ಇಂಜೆಕ್ಷನ್ ಕೊಟ್ಟು, ಅಲ್ಲಿನ ಅಪಧಮನಿಯ ಮೂಲಕ ಕ್ಯಾಥೆಟರ್ ಎಂಬ ತೆಳು ಕೊಳವೆಯನ್ನು ಹೃದಯದವರೆಗೆ ಸಾಗಿಸುತ್ತಾರೆ. ಎಕ್ಸ್‌ರೇ ಪರದೆಯಲ್ಲಿ ನಾಳ ಕಾಣಲೆಂದು ಡೈ ಎಂಬ ದ್ರವವನ್ನು ಹರಿಸಿ, ಅರ್ಧ ಮಿಲಿಮೀಟರ್‌ಗಿಂತಲೂ ಸಪೂರವಾದ ತಂತಿಯೊಂದನ್ನು ಇಕ್ಕಟ್ಟಾದ ಜಾಗದಿಂದಾಚೆಗೆ ದಾಟಿಸುತ್ತಾರೆ. ತಂತಿ ದಾಟುವುದೇ ಎಷ್ಟೋ ಸಲ ಕಷ್ಟದ ಘಟ್ಟ. ಅದು ದಾಟಿದರೆ, ತುದಿಯಲ್ಲಿ ಪುಟ್ಟ ಬಲೂನ್ ಇರುವ ಇನ್ನೊಂದು ಕೊಳವೆ ಆ ತಂತಿಯ ಮೇಲೇ ಜಾರಿ ಹೋಗುತ್ತದೆ. ಬಲೂನನ್ನು ಹಲವು ಪಟ್ಟು ವಾಯುಭಾರದ ಒತ್ತಡದಲ್ಲಿ ಕೆಲವು ಸೆಕೆಂಡ್ ಉಬ್ಬಿಸಿದಾಗ ಆ ನಾಳದಲ್ಲಿ ರಕ್ತ ಪೂರ್ತಿ ನಿಲ್ಲುವುದರಿಂದ, ರೋಗಿಗೆ ಹಳೆಯ ಎದೆನೋವೇ ಒಂದಿಷ್ಟು ಮರುಕಳಿಸಿದಂತಾಗಬಹುದು.

ಪರಿಧಮನಿಯಲ್ಲಿ ಇದನ್ನು 1977ರ ಸೆಪ್ಟೆಂಬರ್‌ನಲ್ಲಿ ಸ್ವಿಟ್ಜರ್ಲೆಂಡಿನ ಜ್ಯೂರಿಕ್‌ನಲ್ಲಿ ಮೊದಲು ಮಾಡಿದವರು ವೈದ್ಯ ಆಂಡ್ರಿಯಾಸ್ ಗ್ರುಂಟ್‌ಜಿಗ್. ಆದರೆ ಬರಿಯ ಬಲೂನಿನಿಂದ ತೆರೆದ ನಾಳ ಅನೇಕರಲ್ಲಿ ಕೆಲವೇ ತಿಂಗಳಲ್ಲಿ ಮತ್ತೆ ಕಿರಿದಾಗುತ್ತಿತ್ತು. ಅದಕ್ಕಾಗಿ 1986ರಿಂದ ಸ್ಟೆಂಟ್ ಎಂಬ ಲೋಹದ ಜಾಲರಿ ಕೊಳವೆಯನ್ನು ಅಲ್ಲೇ ಬಿಟ್ಟುಬರುವ ಕ್ರಮ ಬಂದಿತು. ಈಗಿನ ಸ್ಟೆಂಟ್‌ಗಳ ಮೇಲಿನ ಔಷಧ ನಿಧಾನವಾಗಿ ಬಿಡುಗಡೆಯಾಗಿ, ಒಳಗೆ ಹೊಸ ಅಂಗಾಂಶ ಅತಿಯಾಗಿ ಬೆಳೆಯದಂತೆ ತಡೆಯುತ್ತದೆ. ಭಾರತದಲ್ಲಿ 2017ರ ಫೆಬ್ರವರಿಯಲ್ಲಿ ಸರ್ಕಾರ ಸ್ಟೆಂಟ್‌ಗೆ ಗರಿಷ್ಠ ಬೆಲೆ ನಿಗದಿಪಡಿಸಿದ್ದು ಸಾಮಾನ್ಯ ಕುಟುಂಬಗಳಿಗೆ ದೊಡ್ಡ ಆಸರೆಯಾಯಿತು.

ಚಿಕಿತ್ಸೆಯಿಂದ ಎಷ್ಟು ಪ್ರಯೋಜನ ಎಂಬುದು ಅದು ನಡೆಯುವ ಸಂದರ್ಭವನ್ನು ಅವಲಂಬಿಸಿದೆ. ಹೃದಯಾಘಾತದಲ್ಲಿ ಜಿಡ್ಡಿನ ಪದರ ಒಡೆದು, ಅದರ ಮೇಲೆ ರಕ್ತ ಹೆಪ್ಪುಗಟ್ಟಿ ನಾಳ ದಿಢೀರನೆ ಮುಚ್ಚಿಹೋದಾಗ ಪ್ರತಿ ನಿಮಿಷವೂ ಸ್ನಾಯು ಸಾಯುತ್ತಿರುತ್ತದೆ. ಆಗ ಬೇಗ ಮಾಡಿದ ಆಂಜಿಯೋಪ್ಲಾಸ್ಟಿ ಜೀವ ಉಳಿಸುತ್ತದೆ. ಮೆಟ್ಟಿಲು ಹತ್ತಿದಾಗ ಮಾತ್ರ ಎದೆ ಹಿಡಿದು, ಕುಳಿತರೆ ಇಳಿಯುವ ಸ್ಥಿರ ಸ್ವರೂಪದ ನೋವಿನಲ್ಲಿ ಹಾಗಲ್ಲ: ಅಲ್ಲಿ ಅದು ನೋವನ್ನು ತಗ್ಗಿಸಬಲ್ಲದು, ಆದರೆ ಒಳ್ಳೆಯ ಔಷಧೋಪಚಾರಕ್ಕಿಂತ ಹೆಚ್ಚು ಆಯುಸ್ಸು ಕೊಡುತ್ತದೆಂದು ಇವೆರಡನ್ನೂ ಹೋಲಿಸಿದ 2007ರ ಕರೇಜ್ ಎಂಬ ಅಧ್ಯಯನದಲ್ಲಿ ಕಂಡುಬರಲಿಲ್ಲ. ಅಂಥವರು ಗಾಬರಿಯಿಂದ ಅಂದೇ ಒಪ್ಪಿಗೆಗೆ ಸಹಿ ಹಾಕದೆ ಎರಡನೆಯ ಅಭಿಪ್ರಾಯ ಕೇಳುವುದು ತಪ್ಪಲ್ಲ. ಹಲವು ನಾಳಗಳು ಕೆಟ್ಟಿರುವ ಮಧುಮೇಹಿಗಳಿಗಂತೂ ಬೈಪಾಸ್ ಶಸ್ತ್ರಚಿಕಿತ್ಸೆ ಹೆಚ್ಚಾಗಿ ಮೇಲು.

ಸ್ಟೆಂಟ್ ಕೂರಿಸಿದ ಮೇಲೆ ಆಸ್ಪಿರಿನ್ ಜತೆಗೆ ರಕ್ತ ಹೆಪ್ಪುಗಟ್ಟದಂತೆ ತಡೆಯುವ ಇನ್ನೊಂದು ಮಾತ್ರೆಯನ್ನು ಸಾಮಾನ್ಯವಾಗಿ ಆರರಿಂದ ಹನ್ನೆರಡು ತಿಂಗಳು ತೆಗೆದುಕೊಳ್ಳಬೇಕಾಗುತ್ತದೆ. ಹಲ್ಲು ಕೀಳಿಸಬೇಕೆಂದೋ, ಆರಾಮಾಗಿದ್ದೇನೆಂದೋ ಹೃದ್ರೋಗ ತಜ್ಞರನ್ನು ಕೇಳದೆ ಅದನ್ನು ನಿಲ್ಲಿಸಿದರೆ ಸ್ಟೆಂಟಿನೊಳಗೇ ರಕ್ತ ಹೆಪ್ಪುಗಟ್ಟಿ, ಹೃದಯಾಘಾತವಾಗುವ ಅಪಾಯವಿದೆ.